ಹಳ್ಳ ದಾಟಿದ ಎಮ್ಮೆಯ ಹಸ್ತಾಂತರ ಕುರಿತು

ನವಲಗುಂದ ತಾಲೂಕು,
ಹಳ್ಳದ ಈಚೆಯ ದಂಡೆ, ೧೯೭೪

ದೇಶದೇಶಗಳ ಕಳ್ಳರನ್ನು ಹಿಡಿಯುವ ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆಯ ದೊಡ್ಡ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಸಮುದ್ರದಾಚೆ ತಾವು ಕ್ಷೇಮದಿಂದ ಇರುವಿರೆಂದು ನಂಬಿ, ಹಳ್ಳದೀಚೆ ನಾವು ಅಷ್ಟೇನೂ ಕ್ಷೇಮದಿಂದಿಲ್ಲವೆಂದು ತಿಳಿಸಲು ಈ ಬಹಿರಂಗ ಪತ್ರ. ಒಂದು ದೇಶದಲ್ಲಿ ಕದ್ದು ಇನ್ನೊಂದಕ್ಕೆ ಓಡಿದವನನ್ನು, ಎರಡೂ ದೇಶಗಳ ಸಾರ್ವಭೌಮತ್ವಕ್ಕೆ ಕಿಂಚಿತ್ತೂ ಧಕ್ಕೆ ಬಾರದಂತೆ, ತಾವು ಕೈಯಿಂದ ಕೈಗೆ ದಾಟಿಸುತ್ತೀರೆಂದು ಪತ್ರಿಕೆಯಲ್ಲಿ ಓದಿ ಬೆರಗಾದೆ. ಆ ವಿದ್ಯೆ ನಮ್ಮ ಹಳ್ಳದವರೆಗೆ ಇನ್ನೂ ಬಂದಿಲ್ಲ.

ಸಂಗತಿ ಇಷ್ಟು. ನಮ್ಮ ಓಣಿಯ ರೇವವ್ವನಿಗೆ ಗಂಡನಿಲ್ಲ, ಹೊಲವಿಲ್ಲ. ಇದ್ದದ್ದು ಒಂದೇ ಎಮ್ಮೆ, ಅದರ ಹಾಲು ಮಾರಿಯೇ ಅವಳ ಒಲೆ ಹೊತ್ತಬೇಕು. ಆಚೆಯ ದಂಡೆಯ ಗೂಳಪ್ಪ ಅದನ್ನು ಹೊಡೆದುಕೊಂಡು ಹೋಗಿ, ಇಲ್ಲಿ ನಿಂತರೆ ಕಾಣುವಂತೆ ತನ್ನ ಬೇವಿನ ಮರಕ್ಕೆ ಕಟ್ಟಿದ್ದಾನೆ. ಕರು ಈಚೆ ಉಳಿದು ಒದರುತ್ತಿದೆ. ಎಮ್ಮೆ ಇರುವುದು ಆಚೆಯೆಂದು ಈಚೆಯ ಠಾಣೆಯವರೂ, ಕಳುವಾದದ್ದು ಈಚೆಯೆಂದು ಆಚೆಯ ಠಾಣೆಯವರೂ ಅತ್ಯಂತ ವಿನಯದಿಂದ ಅವಳನ್ನು ವಾಪಸು ಕಳಿಸಿದರು. ಮೊನ್ನೆ ಮೊನ್ನೆ ಇಡೀ ರಾಜ್ಯದ ಹೆಸರೇ ಬದಲಾಯಿತು, ಆದರೆ ಮೊಣಕಾಲುದ್ದದ ನೀರು ದಾಟಲು ನಮ್ಮ ಠಾಣೆಯ ಫೌಜದಾರರಿಗೆ ಮನಸ್ಸಾಗಲಿಲ್ಲ. ಬೂಟು ಒದ್ದೆಯಾದರೆ ಸಾರ್ವಭೌಮತ್ವ ಕುಗ್ಗೀತೆಂಬ ಅವರ ಕಾಳಜಿಯನ್ನು ಎಷ್ಟು ಹೊಗಳಿದರೂ ಸಾಲದು.

ಗೂಳಪ್ಪನ ವಾದವೂ ಕೇಳುವಂಥದ್ದೇ: “ನಾ ಎಲ್ಲಿ ಕದ್ದೇನ್ರಿ? ಅದ ಹಳ್ಳಾ ದಾಟಿ ಬಂತು, ನಾ ಆಸರಾ ಕೊಟ್ಟೇನಿ.” ಬಂಗಾಲದ ನಿರಾಶ್ರಿತರಿಗೆಂದು ಕಾಗದಕ್ಕೆ ಐದು ಪೈಸೆಯ ಅಂಚೆಚೀಟಿ ಹೆಚ್ಚಿಗೆ ಹಚ್ಚಬೇಕೆಂದಾಗ ಪೋಸ್ಟ್‌ಮಾಸ್ತರರ ಜೊತೆ ಜಗಳ ತೆಗೆದಿದ್ದವನು ಇದೇ ಗೂಳಪ್ಪ. ಎಮ್ಮೆ ಕಂಡ ಕೂಡಲೇ ಕರುಣೆ ಉಕ್ಕಿತು.

ಎಮ್ಮೆ ಮಾತ್ರ ಸಹಕರಿಸುತ್ತಿಲ್ಲ. ಅದು ರೇವವ್ವನ ಕೈಗಲ್ಲದೆ ಹಾಲು ಇಳಿಸದು. ಅವಳು ಊರಲ್ಲಿ ಇರದಾಗ ಪಕ್ಕದ ಮನೆಯ ನೀಲಕ್ಕ ಅವಳ ಸೀರೆಯನ್ನೇ ಉಟ್ಟು, ಎಮ್ಮೆಯನ್ನು ನಂಬಿಸಿ ಹಿಂಡುವುದು ನಮ್ಮಲ್ಲಿನ ವಾಡಿಕೆ. ಗಿರಿಜಾ ಮೀಸೆಯ ಗೂಳಪ್ಪ ಹೆಂಡತಿಯ ಸೀರೆ ಸುತ್ತಿಕೊಂಡು ಕೂತ. ಎಮ್ಮೆ ಒದ್ದು ಸಗಣಿಯಲ್ಲಿ ಕೆಡವಿತು. ಕೊನೆಗೆ ರೇವವ್ವನ ಸೀರೆಯನ್ನೇ ಕಳಿಸಬೇಕೆಂದು ಹೇಳಿಕಳಿಸಿದ. ಕಳ್ಳನ ಹಸ್ತಾಂತರ ಕೇಳಿದವರಿಗೆ ಸೀರೆಯ ಹಸ್ತಾಂತರದ ಬೇಡಿಕೆ! “ಸೀರಿ ಕೊಡಾಂಗಿಲ್ಲ. ಕೆಚ್ಚಲಾ ಬಾತು ಸತ್ತೀತು, ನಾನ ಹೋಗಿ ಹಿಂಡತೇನಿ” ಎಂದ ರೇವವ್ವ, ಬೆಳಿಗ್ಗೆ ಸಂಜೆ ಹಳ್ಳ ದಾಟಿ, ತನ್ನದೇ ಎಮ್ಮೆಯನ್ನು ಕಳ್ಳನ ಹಿತ್ತಲಲ್ಲಿ ಹಿಂಡಿ, ಅವನ ಗಿಂಡಿ ತುಂಬಿಸಿ, ಬರಿಗೈಲಿ ಬರುತ್ತಾಳೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ನಮ್ಮ ಓಣಿಯನ್ನು ಒಂದು ದೇಶವೆಂದೂ ಗೂಳಪ್ಪನ ಹಿತ್ತಲನ್ನು ಇನ್ನೊಂದು ದೇಶವೆಂದೂ ಘೋಷಿಸಿ, ನಡುವೆ ಒಪ್ಪಂದ ಮಾಡಿಸಬೇಕು. ಬಾವುಟಕ್ಕೆ ನನ್ನ ಹಳೆಯ ರುಮಾಲು ಕೊಡುತ್ತೇನೆ. ರಾಷ್ಟ್ರಗೀತೆಯನ್ನು ಕರು ಆಗಲೇ ಒದರುತ್ತಿದೆ. ಇಷ್ಟೂ ಆಗದಿದ್ದರೆ ಫೌಜದಾರರಿಗೆ ಒಂದು ಜೊತೆ ರಬ್ಬರ್ ಬೂಟನ್ನಾದರೂ ಕಳಿಸುವ ಕೃಪೆಯಾಗಲಿ.

ಹಳ್ಳದೀಚೆಯ ತಮ್ಮ ವಿಶ್ವಾಸಿ,
ಕುಬೇರಪ್ಪ

ತಾ.ಕ.: ಇದನ್ನು ಪೋಸ್ಟಿಗೆ ಹಾಕುವ ಮೊದಲೇ ಎಮ್ಮೆ ಹಗ್ಗ ಹರಿದುಕೊಂಡು, ಕರುವಿನ ದನಿ ಹಿಡಿದು, ತಾನೇ ಹಳ್ಳ ದಾಟಿ ಬಂತು. ಗೂಳಪ್ಪ ಕೂಡಲೇ ಫಿರ್ಯಾದು ಕೊಟ್ಟ: “ಎಮ್ಮಿ ತಾನ ಹೆಂಗ ಹಳ್ಳಾ ದಾಟತೈತ್ರಿ? ಕದ್ದಾರ!” ಈಗ ಎರಡೂ ಠಾಣೆಯವರು ಬೂಟು ಕೈಯಲ್ಲಿ ಹಿಡಿದು, ಹೆಗಲಿಗೆ ಹೆಗಲು ಕೊಟ್ಟು ಎಮ್ಮೆ ಒಯ್ಯಲು ರೇವವ್ವನ ಅಂಗಳದಲ್ಲಿ ನಿಂತಿದ್ದಾರೆ, ಅವಳು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಕೂತಿದ್ದಾಳೆ. ಮೇಲಿನ ಕೋರಿಕೆಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಸಾಧ್ಯವಾದರೆ ತಂತಿ ಕೊಟ್ಟು ಈ ಸಹಕಾರವನ್ನು ತಡೆಯಿರಿ. ಕರು ಇನ್ನೂ ಹಾಲು ಕುಡಿಯುತ್ತಿದೆ.