ಸೀಸಕ್ಕೆ ಹೆಪ್ಪು

ಎಲ್ಲ ಅವಾಂತರಕ್ಕೂ ಮೂಲ ‘ಹೆಪ್ಪು’ ಎಂಬ ಎರಡಕ್ಷರ. ರಸಾಯನಶಾಸ್ತ್ರದ ಸಂಶೋಧಕ ಚನ್ನವೀರೇಶ್ ಆ ಮಾತನ್ನು ಮನೆ ಓನರ್ ಜಗದಾಂಬಾ ಎದುರು ಆಡಲೇಬಾರದಿತ್ತು.

ಅವನ ಕೈಯ ಬಟ್ಟಲಿನಲ್ಲಿದ್ದದ್ದು ಮೂರು ವರ್ಷದ ದುಡಿಮೆ: ನೇರಳೆ ಟಾರ್ಚ್ ಬಿಟ್ಟರೆ ಹಸಿರಾಗಿ ಹೊಳೆಯುವ ಜೆಲ್. ನೀರಿನಲ್ಲಿ ಸೀಸವಿದ್ದರೆ ಅದರ ಹೊಳಪು ಆರುತ್ತದೆ. ಆ ಸೀಸದ ಅಯಾನುಗಳನ್ನು ಜೆಲ್ ಹೀರಿ ತನ್ನೊಳಗೇ ಹಿಡಿದಿಡುತ್ತದೆ.

ಹೇರೋಹಳ್ಳಿಯ ಆ ಬಡಾವಣೆಯಲ್ಲಿ ಬೋರ್‌ವೆಲ್ಲಿನ ಪಕ್ಕದಲ್ಲೇ ಹಳೇ ಬ್ಯಾಟರಿ ಒಡೆಯುವ ಶೆಡ್ಡು. ಎಂಟು ವರ್ಷದಿಂದ ಮಕ್ಕಳು ಆ ನೀರು ಕುಡಿಯುತ್ತಿದ್ದರು, ಅರ್ಜಿಗಳು ಕಚೇರಿಯ ಧೂಳು ಕುಡಿಯುತ್ತಿದ್ದವು. ಇವತ್ತು ಹನ್ನೊಂದಕ್ಕೆ ಎಂಜಿನಿಯರ್ ಗಂಗಾಧರಯ್ಯ ಬರುತ್ತಾರೆ. ಸೀಸವಿರುವುದನ್ನು ಅವರು ಒಪ್ಪಿದರೆ ಕಾವೇರಿ ಪೈಪು ಬಂದಂತೆಯೇ. ಅವರ ಷರತ್ತು ಒಂದೇ: ಹತ್ತು ಜನ ಸಹಿ ಹಾಕಿದ ಕ್ಯಾನಿನ ನೀರು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಬೋರ್ ನೀರು ತುಂಬಿದ ಆ ಕ್ಯಾನು ಆಗಲೇ ವರಾಂಡದಲ್ಲಿ ಮದುಮಗನಂತೆ ಕೂತಿತ್ತು.

“ಏನಪ್ಪಾ ಇದು, ಚೈನಾ ಗ್ರಾಸಾ?” ಎಂದರು ಜಗದಾಂಬಾ.

“ಜೆಲ್ಲು ಆಂಟಿ. ಒಳಗಿರೋ ಅಣುಗಳು ಕೈಕೈ ಹಿಡ್ಕೊಂಡು ತಾವಾಗೇ ಗಟ್ಟಿಯಾಗ್ತವೆ. ಹಾಲಿಗೆ ಹೆಪ್ಪು ಹಾಕ್ದಂಗೆ.”

“ಇಷ್ಟೇ ಇಷ್ಟು ಬಡಾವಣೆಗೆಲ್ಲ ಸಾಲತ್ತಾ?”

“ಸಾಕು ಆಂಟಿ. ಇವತ್ತು ಗೆದ್ದೇ ಗೆಲ್ತೀವಿ!” ಎಂದವನು, ಎಣಿಕೆಗೆ ಮೊದಲೇ ಹಾರ ಹಾಕಿಸಿಕೊಂಡ ಅಭ್ಯರ್ಥಿಯ ಗತ್ತಿನಲ್ಲಿ ಸ್ನಾನಕ್ಕೆ ಹೋದ.

ಬಂದು ನೋಡಿದರೆ ಬಟ್ಟಲು ತೊಳೆದು ಬೋರಲು ಹಾಕಿತ್ತು.

“ಆಂಟೀ! ಜೆಲ್ ಎಲ್ಲಿ?”

“ಕ್ಯಾನಿಗೆ ಹೆಪ್ಪು ಹಾಕ್ದೆ ಕಣಪ್ಪ. ಚೆನ್ನಾಗಿ ಕಲಕಿ, ಟವಲ್ ಸುತ್ತಿಟ್ಟಿದೀನಿ. ಹನ್ನೊಂದರೊಳಗೆ ಕ್ಯಾನ್ ತುಂಬ ಆಗತ್ತೆ, ಮನೆಮನೆಗೂ ಹಂಚು!”

ಚನ್ನವೀರೇಶ್ ವರಾಂಡಕ್ಕೆ ಓಡಿ ಟವಲ್ ಬಿಚ್ಚಿದ. ಎದುರುಮನೆಯ ಬೈರಪ್ಪ ಕ್ಯಾನು ಮುಟ್ಟಿ ನೋಡಿ, “ನೀರು ಉಗುರುಬೆಚ್ಚಗೆ ಮಾಡ್ಬೇಕಿತ್ತು ಕಣಮ್ಮ, ಇದೆಲ್ಲಿ ಹೆಪ್ಪಾಗತ್ತೆ?” ಎಂದು ತಜ್ಞರ ಅಭಿಪ್ರಾಯ ಕೊಟ್ಟ.

ಅಷ್ಟರಲ್ಲಿ ಜೀಪು ಬಂತು. ಜಗದಾಂಬಾ ಬಟ್ಟಲು ಬಳಿದ ಚಮಚಕ್ಕೆ ಮೆತ್ತಿಕೊಂಡಿದ್ದ ಕಡಲೆಕಾಳಿನಷ್ಟು ಜೆಲ್ಲನ್ನೇ ಚನ್ನವೀರೇಶ್ ಕೆರೆದು, ಕ್ಯಾನಿನ ಒಂದು ಲೋಟ ನೀರಿಗೆ ಹಾಕಿ ಟಾರ್ಚ್ ಬಿಟ್ಟ. ಹಸಿರು ದೀಪಾವಳಿ!

“ಹೊಳೀತಿದೆಯಲ್ರೀ! ನೀರು ಫಸ್ಟ್ ಕ್ಲಾಸು,” ಎಂದು ಗಂಗಾಧರಯ್ಯ ಪೆನ್ನು ತೆಗೆದರು.

“ಒಂದ್ನಿಮಿಷ ಸಾರ್!” ಚನ್ನವೀರೇಶನ ತಲೆ ಓಡಿತು. ಕ್ಯಾನಿನ ನೀರನ್ನು ಪಂಚೆಯಲ್ಲಿ ಸೋಸಿದ. ಬಟ್ಟೆಯಲ್ಲಿ ಉಳಿದ ಜೆಲ್ಲಿಗೆ ಟಾರ್ಚ್ ಬಿಟ್ಟರೆ ಇದ್ದಿಲಿನಂತೆ ಕಪ್ಪು. “ಇದೂ ಅದೇ ಜೆಲ್ ಸಾರ್. ಬೆಳಗ್ಗೆ ಹಂಗೇ ಹೊಳೀತಿತ್ತು. ನೀರಲ್ಲಿದ್ದ ಸೀಸ ಈಗ ಇದರ ಹೊಟ್ಟೇಲಿದೆ!”

ಗಂಗಾಧರಯ್ಯ ಎರಡನ್ನೂ ಮೂರು ಸಲ ನೋಡಿದರು. “ಅಂದ್ರೆ, ಬೋರ್ ನೀರಲ್ಲಿ ಸೀಸ ಇತ್ತು?”

“ಇತ್ತು ಸಾರ್!”

“ಇದು ತೆಗೀತು?”

“ಒಂದ್ ಚೂರೂ ಬಿಡದಂಗೆ ತೆಗೀತು ಸಾರ್!”

ಜನ ಚಪ್ಪಾಳೆ ತಟ್ಟಿದರು. “ನಾನ್ ಹೆಪ್ಪು ಹಾಕ್ದಿದ್ರೆ ಗೊತ್ತಾಗ್ತಿತ್ತಾ?” ಎಂದು ಜಗದಾಂಬಾ ಸೆರಗು ಸರಿಮಾಡಿಕೊಂಡರು. ಎಂಜಿನಿಯರು ಕೈಕುಲುಕಿ, ಸರಸರನೆ ವರದಿ ಬರೆದರು. ಚನ್ನವೀರೇಶ್ ಎದೆಯುಬ್ಬಿಸಿ ಮೊದಲ ಸಹಿ ಹಾಕಿದ.

ಜೀಪು ತಿರುವು ದಾಟಿದ ಮೇಲೆ ಪ್ರತಿಯನ್ನು ಓದಿದ:

“ನೀರಿನಲ್ಲಿ ಸೀಸವಿರುವುದು ಸಾಬೀತಾಗಿದೆ. ಅದನ್ನು ತೆಗೆಯುವ ವ್ಯವಸ್ಥೆ ನಿವಾಸಿಗಳ ಬಳಿಯೇ ಇರುವುದರಿಂದ ಕಾವೇರಿ ಸಂಪರ್ಕದ ಅಗತ್ಯವಿಲ್ಲ. ನಿತ್ಯ ಶುದ್ಧೀಕರಣದ ಹೊಣೆ: ಶ್ರೀ ಚನ್ನವೀರೇಶ್. ಒಪ್ಪಿ ಸಹಿ ಮಾಡಿದ್ದಾರೆ.”