ಭವತೋಷರ ಮೆದುಳಿಗೆ ಮೌರಲಾ ಮೀನು

"ಏಳಿ ಅಲ್ಲಿಂದ. ಬೆರಳು ಕುಯ್ದುಕೊಂಡಿದ್ದು ಸಾಲದಾ?" ಎಂದಳು ಶೆಫಾಲಿ.

"ಇನ್ನೂ ಹತ್ತು ನಿಮಿಷ ಇದೆ. ಅರ್ಧ ಗಂಟೆ ಆಗಲೇಬೇಕು ಅಂತ ಬರೆದಿದಾರೆ."

ಬಂಗಾಳದ ಚಂದನನಗರದ ತಮ್ಮ ಅಡುಗೆಮನೆಯಲ್ಲಿ ಭವತೋಷ್ ಲಾಹಿರಿ ಈಳಿಗೆಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಎದುರಿಗೆ ಬುಟ್ಟಿ ತುಂಬ ಕಿರುಬೆರಳುದ್ದದ ಮೌರಲಾ ಮೀನು. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದದ್ದು ಒಂದೇ ಉದ್ಯೋಗ. ಮೊಬೈಲಿನಲ್ಲಿ ಕಂಡ ಹೊಸ ಹೊಸ ಉಪಾಯಗಳನ್ನು ಬಂಧುಬಳಗಕ್ಕೆಲ್ಲ ಕಳಿಸುವುದು. ನಿಂಬೆ ಸಿಪ್ಪೆಯಿಂದ ಕನ್ನಡಕ ಒರೆಸುವುದು, ಬಾಳೆಸಿಪ್ಪೆಯಿಂದ ಬೂಟು ಉಜ್ಜುವುದು. ಒಂದನ್ನೂ ಮಾಡಿ ನೋಡಿದವರಲ್ಲ. ಪೇಟೆಯಿಂದ ಮೌರಲಾ ತಂದು ಹೆಂಡತಿ ಶೆಫಾಲಿಯ ಮುಂದೆ ಸುರಿದು, ಅವಳು ಒಂದೊಂದೇ ಮೀನಿನ ಹೊಟ್ಟೆ ಬಗೆಯುತ್ತಿದ್ದರೆ ಪಕ್ಕದಲ್ಲಿ ಕೂತು ಅವನ್ನೆಲ್ಲ ಓದಿ ಹೇಳುತ್ತಿದ್ದರು.

ಹನ್ನೊಂದು ದಿನದ ಹಿಂದೆ ಶೆಫಾಲಿಯ ತಾಳ್ಮೆ ತಪ್ಪಿತು. ಅರವತ್ತು ದಾಟಿದ ಗಂಡಸರು ದಿನಾ ಅರ್ಧ ಗಂಟೆ ಸಣ್ಣ ಮೀನು ಸ್ವಚ್ಛ ಮಾಡಿದರೆ ನೆನಪಿನ ಶಕ್ತಿ ಇಮ್ಮಡಿಸುತ್ತದೆಂದು ಜಪಾನಿನ ವಿಜ್ಞಾನಿಗಳ ಹೆಸರಲ್ಲಿ ತಾನೇ ಒಂದು ಸುದ್ದಿ ಹೊಸೆದಳು. ಅದನ್ನು ಪಕ್ಕದ ಮನೆಯ ಮಂದಿರಾಳ ಮೊಬೈಲಿನಿಂದ ಕೇರಿಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಭವತೋಷ್ ಅದನ್ನು ಅರವತ್ತು ಜನಕ್ಕೆ ದಾಟಿಸಿದರು. ಅಷ್ಟೇ ಅಲ್ಲ, ಹುಟ್ಟಿದಾರಭ್ಯ ಮೊದಲ ಸಲ ಈಳಿಗೆಮಣೆಯ ಮುಂದೆ ಕೂತರು.

ಇವತ್ತು ರಕ್ತ ಕಂಡು ಅವಳ ಕರುಳು ಚುರುಕ್ಕೆಂದಿತು. ಮಂದಿರಾಳನ್ನೂ ಕರೆದು ನಿಲ್ಲಿಸಿಕೊಂಡು ನಿಜ ಒಪ್ಪಿಕೊಂಡಳು.

"ಅದನ್ನ ಬರೆದಿದ್ದು ನಾನು ಕಣ್ರೀ."

ಭವತೋಷ್ ನಕ್ಕರು. "ನೀನಾ? ನೀನು ಇದುವರೆಗೂ ಬರೆದಿರೋದು ಅಗಸನ ಬಟ್ಟೆಪಟ್ಟಿ. ಇದರಲ್ಲಿ ಜಪಾನ್ ಇದೆ, ನರಮಂಡಲ ಇದೆ."

"ನನ್ನ ಮೊಬೈಲಲ್ಲೇ ಬರೆದ್ರು ದಾದಾ, ಪಕ್ಕದಲ್ಲೇ ಇದ್ದೆ" ಎಂದಳು ಮಂದಿರಾ.

"ನನ್ನ ಬುದ್ಧಿ ಚುರುಕಾದ್ರೆ ಇಬ್ಬರಿಗೂ ಕಣ್ಣುರಿ." ಅವರು ಇನ್ನೊಂದು ಮೀನು ಎತ್ತಿಕೊಂಡರು. "ಸರಿ, ಬರೆದವಳು ನೀನೇ ಆದ್ರೆ, ಅದರಲ್ಲಿ ಬರೆದಿರೋ, ಬೆರಳಿಂದ ಮೆದುಳಿಗೆ ಹೋಗೋ ಆ ನರದ ಹೆಸರೇನು, ಹೇಳು ನೋಡೋಣ."

ಶೆಫಾಲಿ ಬಾಯಿ ತೆರೆದಳು. ಅಂದು ಬಾಯಿಗೆ ಬಂದಂತೆ ಕಟ್ಟಿದ ಹೆಸರು ಇಂದು ಬಾಯಿಗೇ ಬರಲಿಲ್ಲ. ಮಂದಿರಾಳತ್ತ ನೋಡಿದಳು. ಮಂದಿರಾ ಸೂರು ನೋಡುತ್ತಿದ್ದಳು.

"ತಾಕಾಮುರೋ ನಿಶಿಬೋ ಹಿಂಬದಿ ನರ" ಎಂದು ಭವತೋಷ್ ಒಂದೇ ಉಸಿರಿಗೆ ಹೇಳಿದರು. "ಹನ್ನೊಂದು ದಿನ ಮೀನಿನ ಜೊತೆ ಕೂತವನು ನಾನು. ಈಗ ಹೇಳು, ನೆನಪು ಯಾರಿಗೆ ಹೆಚ್ಚಿದೆ?"

ಶೆಫಾಲಿಯ ಕರುಳಿನ ಚುರುಕು ಇಳಿದಿತ್ತು. ಬುಟ್ಟಿಯನ್ನು ಕಾಲಿನಿಂದಲೇ ಅವರ ಹತ್ತಿರಕ್ಕೆ ಸರಿಸಿದಳು.

"ನಿಮಗೇ ರೀ. ಉಳಿದಿದ್ದನ್ನೂ ಮುಗಿಸಿಬಿಡಿ, ಇಲ್ಲಾಂದ್ರೆ ಮೆದುಳು ಅರ್ಧಕ್ಕೇ ನಿಂತುಹೋದೀತು. ಮಂದಿರಾ, ಬಾ, ಟೀ ಕುಡಿಯೋಣ."