ಮುಗಿಸಿದವರಿಗೆ ಅಭಿಪ್ರಾಯವಿಲ್ಲ

ಜಪಾನಿನ ನಮ್ಮ ಹಿಬಾರಿಯುರಾ ಪಟ್ಟಣದಲ್ಲಿ ಆಟ ಮುಗಿಸಿದವರಿಗೆ ಆ ಆಟದ ಬಗ್ಗೆ ಅಭಿಪ್ರಾಯ ಇರತಕ್ಕದ್ದಲ್ಲ. ಮುಗಿಸದೇ ಇರುವವರು ಎಷ್ಟು ಬೇಕಾದರೂ ಅಭಿಪ್ರಾಯ ಇಟ್ಟುಕೊಳ್ಳಬಹುದು, ಗಟ್ಟಿಯಾಗಿ ಹೇಳಲೂಬಹುದು. ಇದು ಪುರಸಭೆಯ ನಿಯಮ. ಅದನ್ನು ಬರೆದವನು ಪ್ರವಾಸೋದ್ಯಮ ವಿಭಾಗದ ಹೊರಿಬೆ.

ಆಟ ಎಂದರೆ 'ನೀಲಿ ಗಂಟೆಯ ನಾಡು'. ತಿಂಗಳುಗಟ್ಟಲೆ ಕೂತು, ರಾಕ್ಷಸರನ್ನು ಹೊಡೆದು, ಊರೂರು ಅಲೆದು ಮುಗಿಸಬೇಕಾದ ವಿಡಿಯೊ ಗೇಮ್. ಅದರಲ್ಲಿ ಬರುವ ಬಂದರನ್ನು ನಮ್ಮ ಬಂದರು ನೋಡಿಯೇ ಬರೆದದ್ದು. ನಮ್ಮ ಮೀನುಕಟ್ಟೆಯ ಮುರಿದ ಮೆಟ್ಟಿಲೂ ಹಾಗೇ ಇದೆ. ಪುರಸಭೆ ಹಿಗ್ಗಿ ಹೀರೇಕಾಯಿಯಾಗಿ ಮನೆಗೊಂದರಂತೆ ಆಟ ಹಂಚಿತು. ಆಡಲು ಬಾರದವರು ಮೊಮ್ಮಕ್ಕಳ ಪಕ್ಕ ಕೂತು ನೋಡಿ ಮುಗಿಸಿದರು.

ಆಗಲೇ ಊರ ಸಾರ್ವಜನಿಕ ಸ್ನಾನಗೃಹದ ಪ್ರಕರಣ ನಡೆದದ್ದು. ಮಿಠಾಯಿ ಅಂಗಡಿಯ ಬಾನ್ನೊ ಬಿಸಿನೀರಲ್ಲಿ ಕುತ್ತಿಗೆಮಟ್ಟ ಕೂತು, "ಅಯ್ಯೋ, ಕೊನೆಗೆ ಆ ದಳಪತಿ ಲೋರೆಂತ್..." ಎಂದು ಬಾಯಿ ತೆಗೆದ. ಮಾತು ಮುಗಿಯುವ ಮೊದಲೇ ಯಾರೋ ಅವನ ತಲೆಗೆ ಮರದ ಬಕೆಟ್ ಕವುಚಿದರು. ಕಥೆಯ ಕೊನೆಯನ್ನು ಮೊದಲೇ ಹೇಳಿಬಿಡುವುದು ನಮ್ಮಲ್ಲಿ ಕಳ್ಳತನಕ್ಕಿಂತ ದೊಡ್ಡ ಅಪರಾಧ. ಮರುದಿನವೇ ಪುರಸಭಾಧ್ಯಕ್ಷ ಮಗಾರಿ ನಿಯಮ ಬೇಕೆಂದರು. ಹೊರಿಬೆ ಊಟದ ಹೊತ್ತಿಗೆ ಬರೆದುಕೊಟ್ಟ: "ಪಟ್ಟಣದ ಕಟ್ಟಕಡೆಯ ನಿವಾಸಿ ಆಟ ಮುಗಿಸುವ ತನಕ, ಮುಗಿಸಿದ ಯಾವ ವ್ಯಕ್ತಿಯೂ ಮಾತಿನಿಂದಾಗಲಿ, ನಿಟ್ಟುಸಿರಿನಿಂದಾಗಲಿ ಅಭಿಪ್ರಾಯ ಪಡತಕ್ಕದ್ದಲ್ಲ."

ಪಾಪ, ಬರೆಯುವಾಗ ಅವನಿನ್ನೂ ಆಟ ಮುಗಿಸಿರಲಿಲ್ಲ. ಮುಗಿಸಿದ್ದು ಆ ಭಾನುವಾರ. ಕೊನೆಯ ಕೋಟೆಯಲ್ಲಿ ಲೋರೆಂತ್ ಗೆಳೆಯರಿಗೆ ದಾರಿ ಬಿಟ್ಟುಕೊಟ್ಟು ತಾನು ಸತ್ತ. ಹೊರಿಬೆ ಟವೆಲ್ ಬಾಯಿಗೆ ತುರುಕಿಕೊಂಡು ಅತ್ತ. 'ಅವನು ಸಾಯಬಾರದಿತ್ತು' ಎಂಬ ಒಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ನುಂಗಲಾರ, ಉಗುಳಲಾರ. ಹೆಂಡತಿಗೆ ಹೇಳೋಣವೆಂದರೆ ಅವಳೂ ಮುಗಿಸಿದ್ದಳು, ಅವಳಿಗೂ ಅಭಿಪ್ರಾಯ ಇರುವಂತಿಲ್ಲ. ಇಬ್ಬರೂ ಎದುರುಬದುರು ಕೂತು ಮಿಸೊ ಸಾರು ಕುಡಿದು ಮಲಗಿದರು.

ಮೆಚ್ಚಿನ ಪಾತ್ರ ಸತ್ತರೆ ಅಭಿಮಾನಿಗಳು ಸೇರಿ ಅಂತ್ಯಕ್ರಿಯೆ ಮಾಡುವುದು ನಮ್ಮಲ್ಲಿ ಹೊಸದಲ್ಲ. ಫೋಟೊ ಇಟ್ಟು, ಹೂ ಇಟ್ಟು, ಊದುಬತ್ತಿ ಹಚ್ಚಿ ಅಳುತ್ತಾರೆ. ಅತ್ತವರಿಗೆ ಹಸಿವಾಗುತ್ತದೆ, ಮಲಗಲು ಕೋಣೆ ಬೇಕಾಗುತ್ತದೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬುದು ಮಗಾರಿಯವರಿಗೆ ಚೆನ್ನಾಗಿ ಗೊತ್ತು. ಊರಲ್ಲೇ ಒಂದು ಅಂತ್ಯಕ್ರಿಯೆ ಗೊತ್ತುಮಾಡಿ ಹೊರಗಿನವರಿಂದ ಮುಂಗಡ ತೆಗೆದುಕೊಂಡರು. ಸಭಾಂಗಣಕ್ಕೆ ಸಾವಿನ ಕಪ್ಪುಬಿಳುಪು ಪರದೆ ಬಂತು. ಬಾನ್ನೊ ಸಾವಿನ ಮನೆಯ ಸಿಹಿಕಡುಬು ಬೇಯಿಸತೊಡಗಿದ. ಯಾರ ಸಾವಿಗೆ ಎಂದು ಯಾರೂ ಕೇಳಲಿಲ್ಲ, ಕೇಳುವುದೂ ನಿಯಮಬಾಹಿರ.

ತೊಡಕು ಒಂದೇ. ಒಣಮೀನು ಮಾರುವ ಇಸೊನೊ ಅಜ್ಜಿ ಇನ್ನೂ ಆಟ ಮುಗಿಸಿರಲಿಲ್ಲ. ಮುಗಿಸುವಂತೆ ಮಾಡಿ ಬಾ ಎಂದು ಹೊರಿಬೆಯನ್ನು ಅಟ್ಟಿದರು. ಅವನು ಕುಣಿಯುತ್ತಲೇ ಹೋದ. ಅಜ್ಜಿ ಮುಗಿಸಿದ ಗಳಿಗೆಯಲ್ಲೇ ಅವನ ಗಂಟಲ ಮುಳ್ಳು ಹೊರಬೀಳುವುದಿತ್ತು.

ಅಜ್ಜಿ ಕೊನೆಯ ಕೋಟೆಯ ಬಾಗಿಲೆದುರು ಗಾಳ ಹಾಕಿ ಕೂತಿದ್ದಳು. ಆಟದೊಳಗೆ, ಅಂದರೆ. ಪರದೆಯ ಮೇಲೆ ಲೋರೆಂತ್ ಅವಳ ಪಕ್ಕದಲ್ಲೇ ಗಟ್ಟಿಮುಟ್ಟಾಗಿ ನಿಂತಿದ್ದ.

"ಬಾಗಿಲು ತೆಗೀರಿ ಅಜ್ಜಿ, ಒಳಗ್ ಹೋಗಿ."

"ಏನಪ್ಪಾ ಅವಸರ? ಕೋಟೆ ಎದ್ದು ಓಡ್ಹೋಗುತ್ತಾ?"

"ಊರೆಲ್ಲ ನಿಮಗೋಸ್ಕರ ಕಾಯ್ತಾ ಇದೆ."

"ಕಾಯ್ಲಿ ಬಿಡು. ಬದುಕಿರೋರಿಗೆ ಇನ್ನೇನ್ ಕೆಲಸ?"

ಅವಳ ಚೀಲ ನೋಡಿ ಹೊರಿಬೆ ದಂಗಾದ. ಸಂಜೀವಿನಿಯಂಥ ಔಷಧಿ, ಆಟದಲ್ಲಿ ಸಿಗುವುದೇ ಅಪರೂಪ, ಸೀಸೆ ಸೀಸೆ ತುಂಬಿತ್ತು. "ಒಂದೂ ಖರ್ಚು ಮಾಡಿಲ್ವಲ್ಲ ಅಜ್ಜಿ!"

"ಮುಂದಕ್ಕೆ ಬೇಕಾಗುತ್ತೆ ಕಣೋ. ಒಳಗೆ ಹೋದ್ಮೇಲೆ ನಮ್ಮ ಲೋರೆಂತ್‌ಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ಆ ಸಾವಿಗೆ ಯಾವ ಔಷಧಿಯೂ ನಾಟುವುದಿಲ್ಲ. ಹೊರಿಬೆಗೆ ಅದು ಗೊತ್ತು, ಹೇಳುವಂತಿಲ್ಲ. ಬಾಗಿಲು ತೆಗೀರಿ ಎಂದು ಎರಡನೇ ಸಲ ಹೇಳಲು ನಾಲಿಗೆ ಏಳಲಿಲ್ಲ. "ಕೊನೆಗೆ ಏನಾಗುತ್ತೆ ಅಂತೀರಿ ಅಜ್ಜಿ?" ಎಂದಷ್ಟೇ ಕೇಳಿದ.

"ಇನ್ನೇನಾಗುತ್ತೆ, ಆ ಬಂದರಲ್ಲಿ ಸಿಗ್ತಾಳಲ್ಲ, ದೀಪಸ್ತಂಭದ ಹುಡುಗಿ, ಅವಳ ಜೊತೆ ಮದ್ವೆ. ಅಷ್ಟು ದೂರ ನಡ್ಕೊಂಡ್ ಬಂದೋನನ್ನ ಬರಿಗೈಲಿ ಕಳಿಸ್ತಾರಾ?"

ಹೊರಿಬೆ ಬಾಗಿ ನಮಸ್ಕರಿಸಿ ಎದ್ದುಬಂದ. ಸಭೆಯಲ್ಲಿ ಅಜ್ಜಿಯ ಮಾತನ್ನು ಇದ್ದ ಹಾಗೇ ಒಪ್ಪಿಸಿದ.

"ಆಟದ ಬಗ್ಗೆ ಊರಲ್ಲಿ ಈಗ ಎಷ್ಟು ಅಭಿಪ್ರಾಯ ಇದೆ?" ಎಂದು ಮಗಾರಿ ಕೇಳಿದರು.

"ನಿಯಮದ ಪ್ರಕಾರ ಒಂದೇ ಸಾರ್."

"ಹಾಗಾದ್ರೆ ಅದೇ ಬಹುಮತ."

"ಸರ್ವಾನುಮತ ಸಾರ್," ಎಂದ ಬಾನ್ನೊ. "ಆದ್ರೆ ನನ್ನ ಕಡುಬಿನ ಗತಿ?"

"ಕೆಂಪು ಬಣ್ಣ ಹಾಕ್ರೀ. ಮದ್ವೆ ಕಡುಬು ಆಗುತ್ತೆ."

ಪ್ರಕಟಣೆ ಹೊರಬಿತ್ತು: "ಅಂತ್ಯಕ್ರಿಯೆಯನ್ನು ಅನಿವಾರ್ಯ ಸಂತೋಷದ ಕಾರಣ ವಿವಾಹವಾಗಿ ಮಾರ್ಪಡಿಸಲಾಗಿದೆ. ಸಮಯ, ಸ್ಥಳ, ಪ್ರವೇಶದರದಲ್ಲಿ ಬದಲಾವಣೆ ಇಲ್ಲ. ಅಳಲೆಂದು ಮುಂಗಡ ಕೊಟ್ಟವರು ನಗಬಹುದು. ಹಣ ವಾಪಸಿಲ್ಲ."

ನಮ್ಮ ಗಂಡಸರ ಕರಿ ಸೂಟು ಸಾವಿಗೂ ಮದುವೆಗೂ ಒಂದೇ. ಕರಿ ಟೈ ಬಿಚ್ಚಿ ಬಿಳಿ ಟೈ ಕಟ್ಟಿದರೆ ಮುಗಿಯಿತು. ನಿಲ್ದಾಣದ ಎದುರು ಟೈ ಬದಲಿಸುವ ಕೌಂಟರ್ ತೆರೆದು ಅದಕ್ಕೂ ಪುರಸಭೆ ಯೆನ್ ವಸೂಲು ಮಾಡಿತು. ಒಸಾಕಾದಿಂದ ಬಂದ ಒಬ್ಬ ಅಭಿಮಾನಿ ಮದುವೆಯ ಕೆಂಪುಬಿಳುಪು ಪರದೆ ನೋಡಿ ರೇಗಿದ. "ಏನ್ರೀ ಇದು ಅನ್ಯಾಯ! ಲೋರೆಂತ್ ಎಲ್ಲಿ..."

"ಆಟ ಮುಗಿಸಿದ್ದೀರಾ?" ಎಂದ ಬಾಗಿಲಲ್ಲಿದ್ದವನು.

"ಮೂರು ಸಲ!"

"ಹಾಗಿದ್ರೆ ನಿಮಗೆ ಅಭಿಪ್ರಾಯ ಇಲ್ಲ. ಆ ಕಡೆ ಕೂತ್ಕೊಳ್ಳಿ." ಅವನ ಹಿಂದಿದ್ದವಳು ಟಿ.ವಿ.ಯಲ್ಲಿ ಬರುವ ಆ ಆಟದ ಅನಿಮೆ ಕಾರ್ಟೂನ್ ಧಾರಾವಾಹಿಯನ್ನು ಅರ್ಧ ಮಾತ್ರ ನೋಡಿದ್ದಳು. ಅವಳಿಗೆ ಮುಂದಿನ ಸಾಲು ಕೊಟ್ಟರು.

ವೇದಿಕೆ ಮೇಲೆ ಲೋರೆಂತ್‌ನ ಆಳೆತ್ತರದ ಚಿತ್ರ, ಪಕ್ಕದಲ್ಲಿ ದೀಪಸ್ತಂಭದ ಹುಡುಗಿಯದು. ಎರಡರ ಮುಂದೆಯೂ ಮದುವೆಯಲ್ಲಿ ಕುಡಿಯುವ ಅಕ್ಕಿಮದ್ಯದ, ಸಾಕೆಯ ಬಟ್ಟಲು ಇಟ್ಟರು. ಮೊದಲು ಮೂಗೆಳೆದವನು ಬಾನ್ನೊ. ಆಮೇಲೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಹೋಟೆಲಿನವನು, ಆಮೇಲೆ ಒಸಾಕಾದವನು. ನೋಡನೋಡುತ್ತ ಸಭಾಂಗಣಕ್ಕೆ ಸಭಾಂಗಣವೇ ಬಿಕ್ಕಿ ಬಿಕ್ಕಿ ಅತ್ತಿತು. ತಿಂಗಳುಗಳಿಂದ ಕಟ್ಟಿಕೊಂಡಿದ್ದ ದುಃಖ, ತಡೆದೀತೇ? ಹೊರಿಬೆಯ ಬಿಳಿ ಟೈ ಒದ್ದೆಯಾಯಿತು.

"ಯಾಕೋ, ಮದ್ವೆ ಮನೇಲಿ ಹಿಂಗ್ ಅಳ್ತೀಯಾ?" ಎಂದಳು ಪಕ್ಕದಲ್ಲಿ ಕೂತಿದ್ದ ಅಜ್ಜಿ.

"ಸಂತೋಷಕ್ಕೆ ಅಜ್ಜಿ."

"ಅಳು, ಅಳು. ಊರಿಗೆ ಊರೇ ಎಷ್ಟು ಒಳ್ಳೇ ಜನ!"

ಎಲ್ಲ ಕಣ್ಣೀರನ್ನೂ ಆನಂದಬಾಷ್ಪವೆಂದು ನಡಾವಳಿಯಲ್ಲಿ ಬರೆಯಲಾಯಿತು.

ಹೊರಿಬೆ ಅಂದೇ ಮನೆಗೆ ಹೋಗಿ ತನ್ನ ಆಟವನ್ನು ಪೂರ್ತಿ ಅಳಿಸಿಹಾಕಿದ. ಮತ್ತೆ ತಿಂಗಳುಗಟ್ಟಲೆ ಮೊದಲಿಂದ ಆಡಿ, ಕೋಟೆಯ ಬಾಗಿಲವರೆಗೆ ಬಂದು, ಅಲ್ಲೇ ನಿಂತ. ಲೋರೆಂತ್ ಪಕ್ಕದಲ್ಲಿದ್ದ, ಉಸಿರಾಡುತ್ತಿದ್ದ. ಅಳಿಸಿದವನು ಮುಗಿಸಿದವನಲ್ಲ ಎಂದು ಪುರಸಭೆ ತೀರ್ಮಾನಿಸಿ ಮೊಹರು ಒತ್ತಿ ಕೊಟ್ಟಿತು. ಕೊನೆಗೂ ಹೊರಿಬೆಗೆ ಬಾಯಿ ಬಂತು.

ಆಮೇಲಿನ ಸಭೆಯಲ್ಲಿ ಮಗಾರಿ ಗಂಭೀರವಾಗಿ ಕೇಳಿದರು: "ಹೇಳಿ ಹೊರಿಬೆ, ಲೋರೆಂತ್ ಬಗ್ಗೆ ನಿಮ್ಮ ಅಭಿಪ್ರಾಯ?"

ಹೊರಿಬೆ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ.

"ಹೆಣ್ಣು ಮಗು ಆಗುತ್ತೆ ಸಾರ್," ಎಂದ.

ಯಾರೂ ಆಕ್ಷೇಪಿಸಲಿಲ್ಲ. ತೊಟ್ಟಿಲಿಗೆ ಟೆಂಡರ್ ಕರೆಯಲಾಗಿದೆ.